ಹೆಸರಿನ ಮೇಲಿನ ಸುಂಕವೂ ದ್ರಾಕ್ಷಿಯ ಬೆಲೆಯೂ

ಠಾಣೆಯಿಂದ ಕಲ್ಯಾಣದವರೆಗೆ ರೈಲು ನಿಲ್ದಾಣಗಳ ಹೊರಗಿನ ಪೇಟೆಗಳಲ್ಲಿ ತಿರುಗಾಡಿದವರಿಗೆ ‘ವೈನ್ಸ್’ ಎಂದು ದೊಡ್ಡಕ್ಷರಗಳಲ್ಲಿ ಬರೆದ ಫಲಕಗಳು ಎಷ್ಟೋ ಕಣ್ಣಿಗೆ ಬಿದ್ದಿರಬೇಕು. ಒಳಗೆ ದೃಷ್ಟಿ ಹಾಯಿಸಿದರೆ ವಿಸ್ಕಿ, ರಮ್ಮು, ಬಿಯರುಗಳ ಸಾಲುಗಳು ನೆಲದಿಂದ ಮಾಡಿನವರೆಗೆ ತುಂಬಿರುವುವು. ಫಲಕದಲ್ಲಿ ಹೆಸರಿಸಿದ ವಸ್ತು ಮಾತ್ರ ಮೂಲೆಯ ಹಲಗೆಯೊಂದರಲ್ಲಿ ನಾಲ್ಕಾರು ಸೀಸೆಗಳಾಗಿ ಧೂಳು ಹಿಡಿದು ನಿಂತಿರುವುದು. ಹೆಸರು ಒಂದರದು, ವ್ಯಾಪಾರ ಇನ್ನೊಂದರದು. ದ್ರಾಕ್ಷಿಯ ಮದ್ಯದ ವಿಚಾರದಲ್ಲಿ ಹೆಸರಿಗೂ ವಸ್ತುವಿಗೂ ಇರುವ ಇಂತಹ ಅಂತರವು ಅದರ ತವರೆನಿಸಿದ ಫ್ರಾನ್ಸಿನಲ್ಲಿಯೂ ಉಂಟು. ಅದನ್ನು ಅರಿತುಕೊಂಡವನಿಗೆ ಕೊಟ್ಟ ಕಾಸಿಗೆ ತಕ್ಕ ಮಾಲು ದೊರೆಯುವುದು. ಅರಿಯದವನು ಹೆಸರನ್ನು ಕೊಂಡು ಮನೆಗೆ ಹೋಗುವನು.

ಕನ್ನಡ ಪತ್ರಿಕೆಯಲ್ಲಿ ಮದ್ಯದ ಚರ್ಚೆ ಏಕೆಂದು ಕೆಲವು ಹಿರಿಯ ವಾಚಕರು ಹುಬ್ಬು ಗಂಟಿಕ್ಕಬಹುದು. ಕುಡಿಯದವರು ಕುಡಿಯಲಾರಂಭಿಸಲಿ ಎಂಬುದು ನಮ್ಮ ಉದ್ದೇಶವಲ್ಲ. ಎಷ್ಟು ಸ್ವಲ್ಪವಾದರೂ ಮದ್ಯವು ನಿರಪಾಯಕರವೆಂದು ಹೇಳಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ. ಅದನ್ನು ಮರೆಮಾಚಿ ಬರೆಯುವುದು ನ್ಯಾಯವಲ್ಲ. ಆದರೆ ನಮ್ಮ ಓದುಗರಲ್ಲಿ ದೊಡ್ಡದೊಂದು ಪಾಲು ಹೋಟೆಲುದ್ಯಮಿಗಳದು. ಇನ್ನೊಂದು ಪಾಲು ಊರಿನಲ್ಲಿ ದ್ರಾಕ್ಷಿ ಬೆಳೆಯುವ ಅಣ್ಣತಮ್ಮಂದಿರನ್ನುಳ್ಳವರದು. ಮಾರುವವನಿಗೂ ಬೆಳೆಯುವವನಿಗೂ ಸಂಬಂಧಿಸಿದ ವ್ಯವಹಾರವೊಂದನ್ನು ಕುರಿತು ಮೌನವಾಗಿರುವುದು ಪತ್ರಿಕಾಧರ್ಮವೆಂದು ನಮಗೆ ತೋರುವುದಿಲ್ಲ. ಅಲ್ಲದೆ, ಪಥ್ಯದ ಮನೆಗಳಲ್ಲಿಯೂ ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳ ಸೀಸೆಗಳು ಕಪಾಟಿನಲ್ಲಿ ಇರುವುದುಂಟು. ದ್ರಾಕ್ಷಿ, ಬೆಲ್ಲ, ಧಾತಕಿ ಹೂಗಳನ್ನು ಕೂಡಿಸಿ ಹುದುಗು ಬರಿಸಿದ ಆ ಔಷಧದಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವಿದೆಯೆಂಬುದು ವೈದ್ಯರಿಗೆಲ್ಲ ತಿಳಿದ ಸಂಗತಿ.

ಈಚೆಗೆ ನವಿ ಮುಂಬಯಿಯ ಹೋಟೆಲುದ್ಯಮಿ ಮಿತ್ರರೊಬ್ಬರು ನಮ್ಮ ಕಚೇರಿಗೆ ಬಂದಾಗ, “ಗಿರಾಕಿಗಳು ಫ್ರೆಂಚ್ ವೈನು ಕೇಳುತ್ತಾರೆ, ಬೆಲೆ ಹೇಳಿದರೆ ಎದ್ದು ಹೋಗುತ್ತಾರೆ, ಏನು ಮಾಡೋಣ?” ಎಂದು ಕೇಳಿದರು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಬೆಲೆಯ ಲೆಕ್ಕವನ್ನೇ ಮೊದಲು ನೋಡೋಣ. ನಮ್ಮ ಭಾಗಕ್ಕೆ ಬರುವ ಪರದೇಶದ ವೈನು 1989ರಲ್ಲಿ ಕೆಲಸವಾರಂಭಿಸಿದ ನ್ಹಾವಾ ಶೇವಾ ಬಂದರಿನಲ್ಲಿ ಇಳಿಯುತ್ತದೆ. ದೀರ್ಘಕಾಲದಿಂದ ಅದರ ಮೇಲಿನ ಆಮದು ಸುಂಕ ನೂರಕ್ಕೆ 150ರಂತೆ ನಡೆದುಬಂದಿದೆ. ಬಂದರಿಗೆ ಬಂದಾಗ 300 ರೂಪಾಯಿ ಬೆಲೆಯುಳ್ಳ ಸೀಸೆಯು ಸುಂಕ ಸೇರಿ 750 ಆಗುತ್ತದೆ. ಹೆಸರಾಂತ ಬೊರ್ಡೊ ಪ್ರಾಂತದ 1,200 ರೂಪಾಯಿಯ ಸೀಸೆ ಅದೇ ಕ್ರಮದಲ್ಲಿ 3,000 ಆಗುತ್ತದೆ. ಬಂದರಿನಲ್ಲಿ ಅವೆರಡರ ನಡುವೆ ಇದ್ದ 900 ರೂಪಾಯಿಯ ಅಂತರ ಗೇಟು ದಾಟುವಾಗ 2,250ಕ್ಕೆ ಬೆಳೆಯಿತು! ಇದರ ಮೇಲೆ ರಾಜ್ಯದ ತೆರಿಗೆ, ಸಾಗಣೆ, ಸಗಟು ವ್ಯಾಪಾರಿಯ ಲಾಭ, ಕೊನೆಗೆ ನಮ್ಮ ಹೋಟೆಲುಗಳ ಲಾಭ. ಇವೂ ಬಹುಮಟ್ಟಿಗೆ ಶೇಕಡಾ ಲೆಕ್ಕದಲ್ಲಿಯೇ ಏರುವುವು. ಅಂದಮೇಲೆ ನಾವು ದ್ರಾಕ್ಷಿಗೆ ಮಾತ್ರ ಸುಂಕ ಕಟ್ಟುತ್ತಿಲ್ಲ. ಬೊರ್ಡೊ, ಬರ್ಗಂಡಿ, ಶಾಂಪೇನ್ ಎಂಬ ಹೆಸರುಗಳಿಗೂ ಕಟ್ಟುತ್ತಿದ್ದೇವೆ. ಯುರೋಪಿಯನ್ ಒಕ್ಕೂಟದೊಡನೆ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿದುದಾಗಿ 2026ರ ಜನವರಿಯಲ್ಲಿ ಘೋಷಣೆಯಾಗಿ, ಈ ಸುಂಕವನ್ನು ಹಂತಹಂತವಾಗಿ ಇಳಿಸುವ ಮಾತು ಬಂದಿದೆ. ಸುಂಕ ಇಳಿದರೂ ಹೆಸರಿನ ಬೆಲೆ ಹೆಸರಿನ ಬೆಲೆಯಾಗಿಯೇ ಉಳಿಯುವುದು.

ಹಾಗಾದರೆ ಹೆಸರಿಲ್ಲದ ಊರಿನ ಒಳ್ಳೆಯ ಮಾಲು ಯಾವುದು? ಫ್ರಾನ್ಸಿನ ದಕ್ಷಿಣದಲ್ಲಿ, ರೋನ್ ನದಿಯ ಮುಖದಿಂದ ಸ್ಪೇನಿನ ಗಡಿಯ ಕಡೆಗೆ ಮೆಡಿಟರೇನಿಯನ್ ಸಮುದ್ರದ ದಂಡೆಯುದ್ದಕ್ಕೂ ಹರಡಿರುವ ಲಾಂಗ್‌ದಾಕ್ ಎಂಬ ಸೀಮೆಯೊಂದಿದೆ. ಮೊಂಪೆಲಿಯೆ, ಬೆಜಿಯೆ, ನಾರ್ಬೊನ್, ಕಾರ್ಕಸೋನ್‌ಗಳು ಅದರ ಮುಖ್ಯ ಪಟ್ಟಣಗಳು. ಬಿಸಿಲು ಧಾರಾಳ, ಒಣಗಾಳಿ ಜೋರು, ಮಳೆ ಕಡಿಮೆ. ಆದುದರಿಂದ ಹಣ್ಣಿಗೆ ರೋಗಬಾಧೆ ಕಡಿಮೆಯಾಗಿ ಫಸಲು ಸುಲಭವಾಗಿ ಪಕ್ವವಾಗುವುದು. ಜಗತ್ತಿನ ಅತಿ ವಿಶಾಲವಾದ ದ್ರಾಕ್ಷಿಸೀಮೆಗಳಲ್ಲಿ ಇದೊಂದು. ಆದರೂ ದ್ರಾಕ್ಷಾಮದ್ಯದ ಪಂಡಿತರು ಬಹುಕಾಲ ಇದನ್ನು ಮಾತಿಗೆ ತೆಗೆದುಕೊಂಡವರಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ರೈಲುಮಾರ್ಗ ಬಂದ ಮೇಲೆ ಉತ್ತರದ ಗಣಿ, ಗಿರಣಿಗಳ ಕೂಲಿಕಾರರಿಗೆ ಅಗ್ಗದ ಕೆಂಪು ವೈನನ್ನು ಪೀಪಾಯಿಗಟ್ಟಲೆ ಒದಗಿಸುವುದೇ ಈ ಸೀಮೆಯ ಕಸುಬಾಯಿತು. ಪೀಪಾಯಿಯ ಮೇಲೆ ಊರಿನ ಹೆಸರಿಲ್ಲ, ಬೆಳೆಗಾರನ ಹೆಸರಂತೂ ಇಲ್ಲವೇ ಇಲ್ಲ.

ಅಂತಹ ವ್ಯಾಪಾರದ ಫಲ 1907ರಲ್ಲಿ ಕಂಡಿತು. ಪೇಟೆಯಲ್ಲಿ ಮಾಲು ಮಿತಿಮೀರಿತ್ತು. ಅದರ ಮೇಲೆ ನೀರು ಬೆರೆಸಿ, ಸಕ್ಕರೆ ಸುರಿದು ವೈನೆಂಬ ಹೆಸರಿನಲ್ಲಿ ಮಾರುವ ಮೋಸಗಾರರ ಹಾವಳಿ ಬೇರೆ. ಬೆಳೆಗಾರನಿಗೆ ಹಾಕಿದ ಖರ್ಚೂ ಹುಟ್ಟದೆ ಹೋಯಿತು. ಆಗ ಎದ್ದು ನಿಂತವನು ಆರ್ಜೆಲಿಯೆ ಎಂಬ ಹಳ್ಳಿಯ ಮಾರ್ಸೆಲಿನ್ ಆಲ್ಬೆರ್. ಇವನು ಮಂತ್ರಿಯಲ್ಲ, ಜಮೀನ್ದಾರನಲ್ಲ; ಸ್ವಲ್ಪ ದ್ರಾಕ್ಷಿತೋಟವುಳ್ಳ ಒಬ್ಬ ಕಾಫಿಹೋಟೆಲಿನ ಮಾಲಿಕ. (ನಮ್ಮ ವೃತ್ತಿಬಾಂಧವನೆಂಬ ಕಾರಣಕ್ಕೆ ಇವನ ಮೇಲೆ ನಮಗೆ ತುಸು ಪಕ್ಷಪಾತವಿದ್ದರೆ ವಾಚಕರು ಮನ್ನಿಸಬೇಕು.) ಮಾರ್ಚ್ 11ರಂದು ಎಂಬತ್ತೇಳು ಮಂದಿಯೊಡನೆ ಹಳ್ಳಿಯಿಂದ ನಾರ್ಬೊನ್ ಪಟ್ಟಣಕ್ಕೆ ನಡೆದುಹೋಗಿ, ಬೆಳೆಗಾರರ ಕಷ್ಟವನ್ನು ವಿಚಾರಿಸಲು ಬಂದಿದ್ದ ಸಂಸತ್ ಸಮಿತಿಯ ಎದುರು ದೂರು ಹೇಳಿಕೊಂಡನು. ಮುಂದೆ ಪ್ರತಿ ಭಾನುವಾರ ಒಂದೊಂದು ಊರಿನಲ್ಲಿ ಸಭೆ. ಎಂಬತ್ತೇಳು ಸಾವಿರಗಳಾಯಿತು, ಸಾವಿರ ಲಕ್ಷವಾಯಿತು. ಜೂನ್ 9ರಂದು ಮೊಂಪೆಲಿಯೆಯಲ್ಲಿ ಐದು ಲಕ್ಷ ಜನ ನೆರೆದಿದ್ದರೆಂದು ಹೇಳುತ್ತಾರೆ. ಸರಕಾರ ಸೈನ್ಯವನ್ನು ಕಳುಹಿಸಿತು. ನಾರ್ಬೊನ್‌ನಲ್ಲಿ ಗುಂಡು ಹಾರಿ ಜನ ಸತ್ತರು. ಅದೇ ಸೀಮೆಯ ಮಕ್ಕಳೇ ತುಂಬಿದ್ದ ಹದಿನೇಳನೆಯ ಪದಾತಿದಳವು ತಮ್ಮವರ ಮೇಲೆ ಕೋವಿಯೆತ್ತಲು ಒಪ್ಪದೆ ದಂಗೆಯೆದ್ದಿತು.

ಇನ್ನು ಮುಂದಿನ ಕತೆ ನಗುವಂತೆಯೂ ಅಳುವಂತೆಯೂ ಇದೆ. ತಲೆಮರೆಸಿಕೊಂಡಿದ್ದ ಆಲ್ಬೆರ್ ಪ್ಯಾರಿಸಿಗೆ ಹೋಗಿ ಪ್ರಧಾನಿ ಕ್ಲೆಮಾನ್ಸೋವನ್ನು ನೇರವಾಗಿ ಕಂಡನು. ಪ್ರಧಾನಿಯು ಅವನೊಡನೆ ಮೆದುವಾಗಿ ಮಾತನಾಡಿ, ಊರಿಗೆ ಮರಳಲು ರೈಲು ಖರ್ಚಿಗೆಂದು ನೂರು ಫ್ರಾಂಕಿನ ನೋಟೊಂದನ್ನು ಕೊಟ್ಟನು. ಆಲ್ಬೆರ್ ತೆಗೆದುಕೊಂಡನು. ಈ ಸಂಗತಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ನಿನ್ನೆಯವರೆಗೆ ಅವನನ್ನು ಉದ್ಧಾರಕನೆಂದು ಕೊಂಡಾಡಿದ ಜನ ಮಾರಿಕೊಂಡವನೆಂದು ಮುಖ ತಿರುಗಿಸಿದರು. ನೂರು ಫ್ರಾಂಕಿನಲ್ಲಿ ಒಂದು ಚಳವಳಿಯ ನಾಯಕನ ಮಾನವನ್ನು ಕಳೆದ ಕ್ಲೆಮಾನ್ಸೋವಿನ ಚಾತುರ್ಯವನ್ನು ಮೆಚ್ಚಬೇಕೋ ಹಳಿಯಬೇಕೋ ನಮಗೆ ತಿಳಿಯದು. ಆದರೆ ಜನರ ಹೋರಾಟ ವ್ಯರ್ಥವಾಗಲಿಲ್ಲ. ಜೂನ್ 29ರಂದು ನೀರು, ಸಕ್ಕರೆಗಳ ಮೋಸವನ್ನು ತಡೆಯುವ ಕಾನೂನು ಬಂದಿತು. ಬೆಳೆಗಾರನು ತನ್ನ ಫಸಲು ಎಷ್ಟೆಂಬುದನ್ನು ಘೋಷಿಸಬೇಕೆಂಬ ಕಟ್ಟುಪಾಡೂ ಬಂದಿತು.

ಬೆಳೆಗಾರರು ಕಂಡುಕೊಂಡ ಇನ್ನೊಂದು ದಾರಿ ಸಹಕಾರದ್ದು. ಮರೋಸಾನ್ ಎಂಬ ಹಳ್ಳಿಯವರು 1901ರಲ್ಲಿಯೇ ಸಂಘ ಕಟ್ಟಿ, ದಲ್ಲಾಳಿಗಳನ್ನು ಬದಿಗಿರಿಸಿ, ಪ್ಯಾರಿಸಿನ ಕಾರ್ಮಿಕರ ಸಹಕಾರಿ ಭಂಡಾರಗಳಿಗೆ ತಮ್ಮ ವೈನನ್ನು ನೇರವಾಗಿ ಮಾರಿದರು. ಇಂದಿಗೂ ಆ ಸೀಮೆಯ ವೈನಿನ ದೊಡ್ಡ ಪಾಲು ಸಹಕಾರಿ ಸಂಘಗಳಿಂದಲೇ ಬರುತ್ತದೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೀಳು ತಳಿಯ ಬಳ್ಳಿಗಳನ್ನು ಎಕರೆಗಟ್ಟಲೆ ಕಿತ್ತು ಒಳ್ಳೆಯ ತಳಿಗಳನ್ನು ನೆಟ್ಟರು. 1987ರಿಂದ ‘ಪೇ ದಾಕ್’ ಎಂಬ ಗುರುತಿನ ಕೆಳಗೆ ತಳಿಯ ಹೆಸರನ್ನೇ ಸೀಸೆಯ ಮೇಲೆ ಬರೆದು ಮಾರುವ ಪದ್ಧತಿ ಬೆಳೆಯಿತು. ಕೊರ್ಬಿಯೆರ್, ಮಿನೆರ್ವ್ವಾ, ಫೋಜೆರ್, ಸಾಂ ಶಿನಿಯಾನ್ ಎಂಬ ಗ್ರಾಮಸೀಮೆಗಳ ಹೆಸರುಳ್ಳವು ಅದಕ್ಕಿಂತ ಒಂದು ಮೆಟ್ಟಿಲು ಮೇಲು. ಗ್ರೆನಾಶ್, ಸಿರಾ, ಕಾರಿನ್ಯಾನ್ ತಳಿಗಳನ್ನು ಕೂಡಿಸಿ ಮಾಡುವ ಈ ಕೆಂಪು ವೈನುಗಳು ಗಟ್ಟಿಮುಟ್ಟಾದವು. ಅದೇ ಮಟ್ಟದ ಬೊರ್ಡೊಗಿಂತ ಸಾಮಾನ್ಯವಾಗಿ ಎಷ್ಟೋ ಅಗ್ಗ. ನೊರೆಯ ವೈನು ಬೇಕೆಂದು ಶಾಂಪೇನಿಗೆ ಕೈಚಾಚುವವರು ಇದೇ ಸೀಮೆಯ ಲಿಮೂ ಎಂಬ ಊರಿನದನ್ನು ನೋಡಬಹುದು. ಅಲ್ಲಿಯ ಸಾಂತ್ ಇಲೇರ್ ಮಠದ ಸಂನ್ಯಾಸಿಗಳು 1531ರಲ್ಲಿಯೇ ನೊರೆಯ ವೈನು ಮಾಡುತ್ತಿದ್ದರೆಂದು ಆ ಊರಿನವರ ಹೆಮ್ಮೆ. ಶಾಂಪೇನಿನ ಖ್ಯಾತಿ ಹುಟ್ಟಿದ್ದು ಆಮೇಲೆ. ಫ್ರೆಂಚ್ ವೈನೇ ಬೇಕೆನ್ನುವ ಗಿರಾಕಿಗೆ ನಮ್ಮ ಮಿತ್ರರು ಕೊಡಬೇಕಾದ ಉತ್ತರ ಇಲ್ಲಿದೆ. ಸೀಸೆಯ ಹಿಂಬದಿಯ ಚೀಟಿಯಲ್ಲಿ ಈ ಹೆಸರುಗಳನ್ನು ಹುಡುಕಲಿ.

ಆದರೆ ಹೆಸರಿಲ್ಲದ ಸೀಮೆಯನ್ನು ಹುಡುಕಲು ಫ್ರಾನ್ಸಿನವರೆಗೆ ಹೋಗಲೇಬೇಕೆ? ನ್ಹಾವಾ ಶೇವಾದಿಂದ ತುಸು ಈಚೆಗೆ ಬಂದರೆ ವಾಶಿಯ ಕೃಷಿ ಉತ್ಪನ್ನ ಮಾರುಕಟ್ಟೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬೆಳಗಿನ ಜಾವ ಅಲ್ಲಿಗೆ ಹೋದವರು ದ್ರಾಕ್ಷಿಯ ಪೆಟ್ಟಿಗೆಗಳ ರಾಶಿಯನ್ನು ನೋಡಿಯೇ ಇರುವರು. ನಾಸಿಕ, ಸಾಂಗ್ಲಿಗಳ ಮಾಲಿನ ನಡುವೆ ನಮ್ಮ ವಿಜಯಪುರದ ಕಡೆಯದೂ ಇರುವುದು. ಅಲ್ಲಿಯ ಬೆಳೆಗಾರನು ಏಪ್ರಿಲ್ ತಿಂಗಳಲ್ಲೊಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಬಳ್ಳಿಯನ್ನು ಕತ್ತರಿಸುವನು. ಅದನ್ನು ಆ ಕಡೆಯವರು ‘ಚಾಟ್ನಿ’ ಎನ್ನುತ್ತಾರೆ. ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ತಾನಾಗಿ ನಿದ್ರಿಸುವುದು. ನಮ್ಮ ಬಳ್ಳಿಗೆ ನಿದ್ರೆಯಿಲ್ಲದ್ದರಿಂದ ಕತ್ತರಿಯೇ ಕಾಲವನ್ನು ತಿಳಿಸಬೇಕು. ಹಸಿ ಹಣ್ಣಿಗೆ ಬೆಲೆ ಬಾರದ ವರ್ಷ ಅವನು ಮಾಡುವುದೇನು? ನೆರಳು ಬಲೆಯ ಕೆಳಗಿನ ಅಟ್ಟಣೆಗಳಲ್ಲಿ ಹಣ್ಣನ್ನು ಹರವಿ ಒಣದ್ರಾಕ್ಷಿ ಮಾಡುವುದು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಅದನ್ನು ಶೀತಲಗೃಹದಲ್ಲಿರಿಸಿ, ಬಾಡಿಗೆ ಕಟ್ಟಿ, ಬೆಲೆಗಾಗಿ ಕಾಯುವುದು. ನಮ್ಮ ಶಿರಾ, ಪಾಯಸಗಳಿಗೆ ಬೀಳುವ ಒಣದ್ರಾಕ್ಷಿಯ ಹಿಂದೆ ಎಷ್ಟೋ ಮನೆಗಳ ಈ ಕಾಯುವಿಕೆ ಇದೆ.

ಕರ್ನಾಟಕ ಸರಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು, ವೈನ್ ಮಂಡಳಿಯನ್ನು ಸ್ಥಾಪಿಸಿದುದು ಬೆಳೆಗಾರನಿಗೆ ಮೂರನೆಯ ದಾರಿಯೊಂದನ್ನು ತೆರೆಯಲೆಂದು. ಒಂದು ಸೀಸೆ ವೈನಿಗೆ ಸುಮಾರು ಒಂದರಿಂದ ಒಂದೂಕಾಲು ಕಿಲೋ ಹಣ್ಣು ಬೇಕು. ಆದರೆ ತಿನ್ನುವ ಬೀಜರಹಿತ ದ್ರಾಕ್ಷಿಯೇ ಬೇರೆ, ವೈನಿನ ದ್ರಾಕ್ಷಿಯೇ ಬೇರೆ. ಎರಡನೆಯದು ಚಿಕ್ಕದು, ಸಿಪ್ಪೆ ದಪ್ಪ, ಬೀಜವುಳ್ಳದ್ದು. ಪೇಟೆಯಲ್ಲಿ ತಿನ್ನಲು ಯಾರೂ ಕೊಳ್ಳರು. ಆದುದರಿಂದ ವೈನಿನ ಕಾರಖಾನೆ ಮಾತು ತಪ್ಪಿದರೆ ರೈತ ನಡುನೀರಿನಲ್ಲಿ. ವಿಜಯಪುರದವರು ಹಿಂದೆಮುಂದೆ ನೋಡುವುದಕ್ಕೆ ಕಾರಣವಿಲ್ಲದಿಲ್ಲ.

ದಕ್ಷಿಣಕ್ಕೆ ಬಂದರೆ ನಂದಿಬೆಟ್ಟದ ತಪ್ಪಲು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಹಳೆಯ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ 2013ರಲ್ಲಿ ಭೌಗೋಲಿಕ ಗುರುತಿನ ಮಾನ್ಯತೆ ದೊರೆಯಿತು. ಹಣ್ಣಿನ ರಸಕ್ಕೂ ಸಿಹಿಯಾದ ಪೋರ್ಟ್ ಬಗೆಯ ವೈನಿಗೂ ಅದು ತಕ್ಕುದು. ನಮ್ಮವರು ಅನೇಕರು ವೈನೆಂದರೆ ಸಿಹಿಯೆಂದೇ ತಿಳಿದಿರುವುದಕ್ಕೆ ಇಂತಹ ವೈನೇ ಕಾರಣ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ಭೂಮಿಯ ಬೆಲೆ ಏರಿ ಎಷ್ಟೋ ತೋಟಗಳು ನಿವೇಶನಗಳಾದುವು. ಗುರುತಿನ ಮಾನ್ಯತೆ ಬಂದಿತು, ಬಳ್ಳಿ ಹೋಯಿತು.

ಅದೇ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಕಂವಲ್ ಗ್ರೋವರ್ ಎಂಬವರು 1988ರ ಸುಮಾರಿಗೆ ಫ್ರೆಂಚ್ ತಳಿಗಳ ತೋಟ ಹಾಕಿದರು. ಶಾಂಪೇನಿನ ಜಾರ್ಜ್ ವೆಸೆಲ್, ತರುವಾಯ ಬೊರ್ಡೊದ ಮಿಶೆಲ್ ರೋಲಾನ್ ಅವರಿಗೆ ಸಲಹೆಗಾರರಾಗಿದ್ದರು. ಬೆಟ್ಟದ ತಪ್ಪಲಿನ ತಂಪು ರಾತ್ರಿಗಳಿಂದ ಹಣ್ಣಿನಲ್ಲಿ ಹುಳಿ ಉಳಿಯುವುದು. ಹುಳಿಯಿಲ್ಲದ ವೈನು ಉಪ್ಪಿಲ್ಲದ ಸಾರಿನಂತೆ. ಲಾಂಗ್‌ದಾಕಿನ ಸಿರಾ ತಳಿಯನ್ನೇ ನಮ್ಮಲ್ಲಿ ಶಿರಾಜ್ ಎಂದು ಕರೆಯುತ್ತಾರೆ. ಎರಡನ್ನೂ ಪಕ್ಕದಲ್ಲಿರಿಸಿ ರುಚಿ ನೋಡಿದ ನಮಗೆ, ಬೆಲೆಯ ಚೀಟಿಗಳಲ್ಲಿ ಕಂಡಷ್ಟು ಅಂತರ ಲೋಟಗಳಲ್ಲಿ ಕಾಣಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದುವರಿಯಲಾರೆವು. ಮಹಾರಾಷ್ಟ್ರವು 2001ರ ನೀತಿಯಿಂದ ತನ್ನ ದ್ರಾಕ್ಷಿಯ ವೈನಿಗೆ ಅಬಕಾರಿ ರಿಯಾಯಿತಿ ಕೊಟ್ಟು, ವಿಂಚೂರ್, ಪಲೂಸ್‌ಗಳಲ್ಲಿ ವೈನ್ ಉದ್ಯಾನಗಳನ್ನು ಸ್ಥಾಪಿಸಿತು. ಅದರ ಫಲವಾಗಿ ನಾಸಿಕವು ಬೆಳೆಯಿತು, ನಾವು ಹೊಟ್ಟೆಕಿಚ್ಚುಪಡಬೇಕಾಗಿಲ್ಲ. ಆದರೆ ಒಂದೊಂದು ರಾಜ್ಯದ ಔದಾರ್ಯವೂ ಅದರ ಗಡಿಯಲ್ಲಿಯೇ ನಿಲ್ಲುವುದು. ನಂದಿಯ ವೈನು ಇಲ್ಲಿ ಹೊರನಾಡಿನದು, ನಾಸಿಕದ ವೈನು ಅಲ್ಲಿ ಹೊರನಾಡಿನದು. ಠಾಣೆಯ ಅಂಗಡಿಯಲ್ಲಿ ಕನ್ನಡನಾಡಿನ ಸೀಸೆಯೂ ನಮ್ಮಂತೆಯೇ ಹೊರನಾಡ ಕನ್ನಡಿಗ! 2012ರಲ್ಲಿ ಗ್ರೋವರ್ ಸಂಸ್ಥೆಯು ನಾಸಿಕದ ಸಂಸ್ಥೆಯೊಂದರೊಡನೆ ಕೂಡಿಕೊಂಡುದರಿಂದ ಒಂದೇ ಮನೆತನದ ವೈನು ಈಗ ಎರಡೂ ಸೀಮೆಗಳಿಂದ ಬರುತ್ತದೆ. ಯಾವ ಸೀಮೆಯದೆಂಬುದನ್ನು ಹಿಂಬದಿಯ ಚೀಟಿಯೇ ಹೇಳಬೇಕು.

ಇನ್ನು ನಮ್ಮ ವೃತ್ತಿಯವರ ತಪ್ಪುಗಳನ್ನು ಹೇಳುವ ಮೊದಲು ನಮ್ಮದೊಂದನ್ನು ಒಪ್ಪಿಕೊಳ್ಳುವುದು ಮೇಲು. ನಾವು ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದಾಗ ಪರ್ಮಿಟ್ ರೂಮಿನ ಶೋಭೆಗೆಂದು ಹನ್ನೆರಡು ಸೀಸೆ ಕೆಂಪು ವೈನನ್ನು ತರಿಸಿ, ಅಡಿಗೆಮನೆಯ ಗೋಡೆಗೆ ಅಂಟಿದ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿದ್ದೆವು. ಗೋಡೆಯ ಆಚೆ ತಂದೂರಿ ಭಟ್ಟಿ. ಒಂದು ಬೇಸಗೆ ಕಳೆದು ಮಳೆಗಾಲದಲ್ಲಿ ಧಾರವಾಡ ಕಡೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಅದರಲ್ಲೊಂದನ್ನು ತೆಗೆಸಿ ಒಂದು ಗುಟುಕು ಕುಡಿದು, ಗಲ್ಲೆಯಲ್ಲಿ ಕುಳಿತಿದ್ದ ನಮ್ಮನ್ನು ಕರೆದು, “ಮಾಲಕರ, ಇದು ವೈನ್ ಅಲ್ರೀ, ಉಪ್ಪಿನಕಾಯಿಗೆ ಹಾಕ್ರಿ ಇದನ್ನ” ಎಂದರು. ಹನ್ನೆರಡೂ ಹುಳಿಯಾಗಿದ್ದುವು. ಇಡ್ಲಿಯ ಹಿಟ್ಟನ್ನು ಮೇ ತಿಂಗಳಲ್ಲಿ ಎಲ್ಲಿಡಬೇಕೆಂಬುದು ನಮಗೆ ತಿಳಿದಿತ್ತು. ಹುದುಗಿನಿಂದಲೇ ಹುಟ್ಟಿದ ಇನ್ನೊಂದು ವಸ್ತುವಿಗೂ ಸೆಕೆಯೇ ಶತ್ರುವೆಂಬುದು ಹೊಳೆಯಲಿಲ್ಲ. ಬಿರಡೆಯ ಸೀಸೆಯನ್ನು ಮಲಗಿಸಿ, ಕತ್ತಲಲ್ಲಿ, ತಂಪಿನಲ್ಲಿ ಇರಿಸಬೇಕು. ತಿರುಪು ಮುಚ್ಚಳದ್ದನ್ನು ನಿಲ್ಲಿಸಿದರೂ ಬಾಧಕವಿಲ್ಲ, ತಂಪು ಮಾತ್ರ ಬೇಕು. ಡೊಂಬಿವಲಿಯ ಮನೆಗಳಲ್ಲಿ ಕೋಣೆಯ ಶಾಖದಲ್ಲಿ ಕೆಂಪು ವೈನು ಕುಡಿಯಿರಿ ಎಂಬ ಫ್ರೆಂಚರ ಉಪದೇಶವನ್ನು ಯಾರೂ ಪಾಲಿಸಬಾರದು. ಅವರ ಕೋಣೆ ಬೇರೆ, ನಮ್ಮ ಕೋಣೆ ಬೇರೆ. ಅರ್ಧ ಗಂಟೆ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ತೆಗೆಯುವುದು ಲೇಸು.

ಊಟದ ಮಾತು. ಬಂಗುಡೆಯ ಪುಳಿಮುಂಚಿಯೊಡನೆ ಗಡಸು ಕೆಂಪು ವೈನು ಸೇರದು. ಮೆಣಸಿನ ಖಾರವೂ ವೈನಿನ ಒಗರೂ ಕೂಡಿ ಬಾಯಿ ಉರಿಯುವುದು, ಮೀನು ಕಹಿಯಾಗುವುದು. ಲಾಂಗ್‌ದಾಕಿನವರು ಸಮುದ್ರದ ಹಿನ್ನೀರಿನ ಚಿಪ್ಪುಮೀನಿಗೆ ಪಿಕ್‌ಪೂಲ್ ಎಂಬ ಹುಳಿಯಾದ ಬಿಳಿ ವೈನು ಕುಡಿಯುವರು. ನಮ್ಮ ಮರುವಾಯಿ ಸುಕ್ಕಕ್ಕೂ ಅದು ಒಗ್ಗುವುದು. ಅದು ಸಿಗದಲ್ಲಿ ನಾಸಿಕದ ಶೆನಿನ್ ಬ್ಲಾಂಕ್ ಇದೆ, ಅದರ ನಸುಸಿಹಿ ಖಾರವನ್ನು ತಣಿಸುವುದು. ಜೋಳದ ರೊಟ್ಟಿ, ಎಣ್ಣೆಗಾಯಿಗೆ ನಂದಿಯ ಶಿರಾಜು ಚೆನ್ನಾಗಿ ಹೊಂದುತ್ತದೆ. ಕೋರಿ ರೊಟ್ಟಿಗೆ ಏನೆಂದು ಕೇಳಿದವರಿಗೆ ನಾವು ನೀರೆಂದೇ ಹೇಳುವೆವು.

ಮಿತ್ರರ ಪ್ರಶ್ನೆಗೆ ಉಳಿದದ್ದು ಬೆಲೆಯ ಮಾತೇ. ಕೊಂಡ ಬೆಲೆಯ ಮೂರು ಪಾಲನ್ನು ಪಟ್ಟಿಯಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿ ಹಲವರಿಗಿದೆ. ವಿಸ್ಕಿಯಲ್ಲಿ ಅದು ನಡೆದುಹೋಗುವುದು, ವೈನಿನಲ್ಲಿ ಅದೇ ಗಿರಾಕಿಯನ್ನು ಎಬ್ಬಿಸಿ ಕಳುಹಿಸುವುದು. 750 ಮಿಲಿಲೀಟರಿನ ಸೀಸೆಯಲ್ಲಿ 150ರಂತೆ ಐದು ಲೋಟ. ತೆರೆದ ಸೀಸೆ ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳದು. ಆ ಭಯಕ್ಕೆ ಲೋಟದ ಲೆಕ್ಕದಲ್ಲಿ ಮಾರಲು ಹಿಂಜರಿಯುವುದು ಸಹಜ. ಆದರೆ ಒಂದೇ ಕೆಂಪು, ಒಂದೇ ಬಿಳಿ ಇರಿಸಿಕೊಂಡು ಲೋಟದಲ್ಲಿ ಮಾರಿದರೆ ಸೀಸೆ ಎರಡು ದಿನ ಉಳಿಯುವ ಪ್ರಸಂಗವೇ ಬಾರದು. ಮನೆಗೆ ಕೊಳ್ಳುವವರ ದಾರಿ ಇನ್ನೂ ಕಿರಿದು. ದೊಡ್ಡ ಕಿರಾಣಿ ಮಳಿಗೆಗಳಲ್ಲಿ ವೈನು ಮಾರಲು ಬಿಡಬೇಕೆಂದು 2022ರ ಜನವರಿಯಲ್ಲಿ ಮಹಾರಾಷ್ಟ್ರ ಮಂತ್ರಿಮಂಡಲ ನಿರ್ಣಯಿಸಿದಾಗ ಎದ್ದ ವಿರೋಧವನ್ನು ಎಲ್ಲರೂ ಬಲ್ಲರು. ಹೆಂಗಸರು, ಮಕ್ಕಳು ಬರುವ ಅಂಗಡಿಯಲ್ಲಿ ಮದ್ಯ ಬೇಡವೆಂಬ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಬೆಳೆಗಾರನಿಗೆ ಇನ್ನೊಂದು ಬಾಗಿಲು ಬೇಕೆಂಬ ಮಾತಿನಲ್ಲಿಯೂ ಹುರುಳಿದೆ.

ಕಲ್ಯಾಣ ಜಂಕ್ಷನ್ನಿನಿಂದ ಒಂದು ಹಳಿ ಕಸಾರಾ ಘಾಟಿ ಹತ್ತಿ ನಾಸಿಕಕ್ಕೆ ಹೋಗುವುದು. ಇನ್ನೊಂದು ಕರ್ಜತ್, ಪುಣೆ, ಸೋಲಾಪುರಗಳ ಮೇಲಿಂದ ವಿಜಯಪುರಕ್ಕೆ ಮುಟ್ಟುವುದು. ದೀಪಾವಳಿಯ ರಜೆಗೆ ಎರಡನೆಯ ಹಳಿಯಲ್ಲಿ ಊರಿಗೆ ಹೊರಟ ವಾಚಕರು, ಅಕ್ಟೋಬರಿನ ಚಾಟ್ನಿ ಮುಗಿಸಿ ಕುಳಿತ ಬೆಳೆಗಾರರನ್ನು ಒಂದು ಮಾತು ಕೇಳಿಕೊಂಡು ಬರಲಿ: ಯಾವ ಬೆಲೆಗೆ, ಎಷ್ಟು ವರ್ಷದ ಕರಾರಿಗೆ ಅವರು ವೈನಿನ ಬಳ್ಳಿ ನೆಡಲು ಒಪ್ಪುವರು? ಬಂದ ಉತ್ತರಗಳನ್ನು ನಾವು ಈ ಅಂಕಣದಲ್ಲಿಯೇ ಅಚ್ಚುಮಾಡುವೆವು.